ಕೋಡಿಗೆ ಹಾಕುವ ಪದಕ

ಗುಡುಸಾಬನ ಬಾಯಿ ಎಂಥದ್ದು ಅಂತ ಬಬಲೇಶ್ವರದಲ್ಲಿ ಎಲ್ಲರಿಗೂ ಗೊತ್ತು. ಸಂತೆ ಬೀದಿಯ ಮೂಲೆಯಲ್ಲಿ ಅವನದೊಂದು ಸೈಕಲ್ ಅಂಗಡಿ. ಪಂಕ್ಚರ್ ಹಾಕುವುದಕ್ಕಿಂತ ಜನರನ್ನು ನಗಿಸುವುದೇ ಅವನ ಕಸುಬು ಅನ್ನುವವರಿದ್ದರು. ಯಾರದೋ ಕುಂಟು ನಡಿಗೆ, ಯಾರದೋ ಕೆಮ್ಮು, ಯಾವುದೋ ನಾಯಿಯ ಕುಯ್ಯೋ ದನಿ, ಒಮ್ಮೆ ಕಿವಿಗೆ ಬಿದ್ದರೆ ಸಾಕು, ಹಾಗೇ ಮಾಡಿ ತೋರಿಸುತ್ತಿದ್ದ. ನಕ್ಕವರು ಅವನನ್ನು ಹೊಗಳಿದರು. ಅಣಕಿಸಿಕೊಂಡವರನ್ನು ಯಾರು ಕೇಳಬೇಕು?

ಒಳ್ಳೆಯವನೂ ಹೌದು, ಸುಳ್ಳು ಯಾಕೆ ಹೇಳಲಿ. ವಯಸ್ಸಿನಲ್ಲಿ ಸೈಕಲ್ ರೇಸಿಗೆ ಹೋಗುತ್ತಿದ್ದವನು, ಒಂದು ಸಲ ಬಿದ್ದು ಮೊಣಕಾಲು ಕೆಟ್ಟ ಮೇಲೆ ಊರ ಮಕ್ಕಳನ್ನು ಕೂಡಿಸಿ ಕ್ಲಬ್ ಕಟ್ಟಿದ. ನಸುಕಿನಲ್ಲೇ ಎದ್ದು ಹಳೇ ಲೂನಾದ ಮೇಲೆ ಅವರ ಬೆನ್ನು ಹತ್ತುತ್ತಿದ್ದ. "ತುಳೀರಿ ಲೇ! ಮದವಿ ಮೆರವಣಿಗಿಗೆ ಹೊಂಟಂಗ ಹೊಂಟಾರ ನೋಡ!" ಅನ್ನುವ ಅವನ ಬೈಗಳೇ ಆ ರಸ್ತೆಯವರಿಗೆ ಗಡಿಯಾರ. ಮಕ್ಕಳಲ್ಲೆಲ್ಲ ಮುಂದಿದ್ದವಳು ಅವನ ಮಗನ ಮಗಳು ಮಿನಾಜ. ಮಾತು ಕಡಿಮೆ, ಕಾಲು ಗಟ್ಟಿ. ಏರಿನಲ್ಲಿ ಅವಳು ಸೀಟು ಬಿಟ್ಟು ಎದ್ದು ನಿಂತಳೆಂದರೆ ಗಂಡುಹುಡುಗರೂ ಹಿಂದೆ ಉಳಿಯುತ್ತಿದ್ದರು. ರಾಜ್ಯಮಟ್ಟದ ರೇಸಿನಲ್ಲಿ ಅವಳ ಕೊರಳಿಗೊಂದು ಪದಕ ಬೀಳಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಗುಡುಸಾಬನಿಗೆ ಇದೊಂದೇ ಹುಚ್ಚು. ಆದರೆ ಕ್ಲಬ್ಬಿನಲ್ಲಿ ಇದ್ದವೆಲ್ಲ ಕಬ್ಬಿಣದ ಸೈಕಲ್ಲು.

ತಿಕೋಟಾ ರಸ್ತೆಯಲ್ಲಿ ಮಕ್ಕಳು ತಿರುಗಿ ಹೊರಳುವ ಜಾಗದಲ್ಲೇ ರಾಚವ್ವನ ವಸ್ತಿ, ಹೊಲದಲ್ಲಿನ ಮನೆ. ಒಂಟಿ ಹೆಂಗಸು, ಒಂದೇ ಎಮ್ಮೆ. ದಿನಾ ಬೆಳಿಗ್ಗೆ ಕ್ಲಬ್ಬಿನ ಮಕ್ಕಳನ್ನು ಸಾಲಾಗಿ ಕೂರಿಸಿ ನೊರೆಹಾಲು ಕುಡಿಸುತ್ತಿದ್ದಳು. ಪೈಲ್ವಾನರಿಗೆ ಖುರಾಕು ಕೊಡುವ ಮನೆತನ ತನ್ನದು, ಈಗ ಪೈಲ್ವಾನರೇ ಇಲ್ಲದಿದ್ದರೆ ಸೈಕಲ್ಲಿನವರಿಗೆ ಕೊಡುತ್ತೇನೆ ಅನ್ನುತ್ತಿದ್ದಳು. ಒಂದು ಪೈಸೆ ಮುಟ್ಟಿದವಳಲ್ಲ. ಅದಕ್ಕೆ ಕ್ಲಬ್ಬಿನಲ್ಲೊಂದು ಪದ್ಧತಿ ಬೆಳೆದಿತ್ತು: ಯಾರೇ ಪದಕ ಗೆದ್ದು ಬರಲಿ, ಮನೆಗೆ ಹೋಗುವ ಮೊದಲು ಅದನ್ನು ರಾಚವ್ವನ ಎಮ್ಮೆಯ ಕೋಡಿಗೆ ಹಾಕಬೇಕು. ಹಲಗೆ ಬಾರಿಸಿಕೊಂಡು ಊರವರೂ ಹಿಂದೆ ಬರುತ್ತಿದ್ದರು. ಎಮ್ಮೆ ತಲೆ ಕೊಡವುತ್ತಿತ್ತು, ರಾಚವ್ವ "ಗೆದ್ದಾಕಿ ನೀನ ಬೇ!" ಅಂತ ಅದರ ಹಣೆ ನೀವುತ್ತಿದ್ದಳು.

ಇಷ್ಟರಲ್ಲಿ ಬಂದ ನೋಡಿ, ಚೇತನಕುಮಾರ. ಇಸ್ತ್ರಿ ಮುರಿಯದ ಅಂಗಿ, ಬಾಗಿಲು ಹಾಕಿದರೆ ಸಪ್ಪಳವಾಗದ ಕಾರು. ವಿಜಯಪುರದ ಗಾಂಧಿ ಚೌಕದಲ್ಲಿ ಆಫೀಸು ತೆಗೆದು ‘ಗುಮ್ಮಟ ಕಾಯಿನ್’ ಎಂಬ ಹೊಸ ಹಣ ಮಾರುತ್ತಿದ್ದ. ಕೈಗೆ ಸಿಗದ, ಕಣ್ಣಿಗೆ ಕಾಣದ, ಮೊಬೈಲಿನಲ್ಲೇ ಏರುವ ಇಳಿಯುವ ಹಣ. "ಗೋಳಗುಮ್ಮಟದಾಗ ಒಮ್ಮಿ ಒದರಿದ್ರ ಏಳು ಸಲಾ ಕೇಳ್ತೈತಿಲ್ರಿ? ಇದೂ ಹಂಗ. ಒಂದು ಹಾಕ್ರಿ, ಏಳಾಗಿ ಬರ್ತೈತಿ" ಅನ್ನುತ್ತಿದ್ದ. ಬಾಯಿ ಬಿಟ್ಟುಕೊಂಡು ಕೇಳಿದವರು ಬೇಕಾದಷ್ಟು ಜನ. ಹೆಸರು ಮನೆಮನೆಗೆ ಮುಟ್ಟಬೇಕಲ್ಲ, ಅದಕ್ಕೆ ಕ್ಲಬ್ಬನ್ನು ಹಿಡಿದ. ಹಳದಿ ಜರ್ಸಿ, ಎದೆಯ ಮೇಲೆ ಗುಮ್ಮಟದ ಚಿತ್ರ. ಒಂದು ಬೆರಳಿನಿಂದ ಎತ್ತಬಹುದಾದ ಕಾರ್ಬನ್ ಸೈಕಲ್ಲುಗಳು. ಮಿನಾಜ ಹತ್ತಿ ಒಂದು ಸುತ್ತು ಹಾಕಿ ಬಂದು, ಹ್ಯಾಂಡಲ್ ಸವರುತ್ತ ನಿಂತಳು. ಆ ಮುಖ ನೋಡಿದ ಗುಡುಸಾಬ ಸೈಕಲ್ಲನ್ನು ತಾನೇ ಒರೆಸಿಟ್ಟ.

ಕಂಪನಿಗೆ ಜಾಗವೂ ಬೇಕಿತ್ತು. ರಾಚವ್ವನ ವಸ್ತಿಗೆ ಅಂಟಿಕೊಂಡೇ ಮೊದಲು ಮಣೂಕ, ಅಂದರೆ ಒಣದ್ರಾಕ್ಷಿ, ತುಂಬಿಡುತ್ತಿದ್ದ ಒಂದು ಪಾಳು ಗೋದಾಮು ಇತ್ತು. ಅದನ್ನು ತೋರಿಸಿದವನು ಗುಡುಸಾಬನೇ. ಅಲ್ಲಿ ಗೋಡೆಯುದ್ದಕ್ಕೂ ಕಂಪ್ಯೂಟರ್ ಡಬ್ಬಿಗಳನ್ನು ಪೇರಿಸಿದರು. ಅವು ಬಿಡುವಿಲ್ಲದೆ ಏನೋ ಲೆಕ್ಕ ಮಾಡುತ್ತವಂತೆ, ಹಾಗೆ ಮಾಡಿದರೇ ಕಾಯಿನ್ ಹುಟ್ಟುತ್ತದಂತೆ. ಹುಟ್ಟಿತೋ ಬಿಟ್ಟಿತೋ, ಊರ ಕರೆಂಟು ಮಾತ್ರ ಅಲ್ಲಿಗೇ ಹೋಯಿತು. ಕರೆಂಟು ಹೋದರೆ ಡೀಸೆಲ್ ಜನರೇಟರ್. ಡಬ್ಬಿಗಳನ್ನು ತಣ್ಣಗಿಡಲು ಹೊಸ ಬೋರು ಕೊರೆದರು, ಪಕ್ಕದ ರಾಚವ್ವನ ಬೋರು ಗಾಳಿ ಉಗುಳಿತು. ಗೋಡೆಯಲ್ಲಿ ಕೂರಿಸಿದ ಆಳೆತ್ತರದ ಫ್ಯಾನುಗಳು ಒಳಗಿನ ಬೆಂಕಿಯಂಥ ಗಾಳಿಯನ್ನು ನೇರ ಅವಳ ಕೊಟ್ಟಿಗೆಗೆ ನೂಕಿದವು. ಹೊರಗೆ ಮಾರ್ಚಿನ ಉರಿಬಿಸಿಲು, ಒಳಗೆ ಈ ಗಾಳಿ. ಎಮ್ಮೆ ಗಬ್ಬವಾಗಿತ್ತು. ಮೈಮೇಲೆ ಸುರಿಯಲು ನೀರಿಲ್ಲ.

ರಾಚವ್ವ ಅಂಗಡಿಗೆ ಬಂದಳು. "ತಮ್ಮಾ ಗುಡುಸಾಬ, ಎಮ್ಮಿ ಮೇವು ಬಿಟ್ಟೈತಿ. ನಾಲಿಗಿ ಹೊರಗ ಹಾಕಿ ನಿಂದರತೈತಿ. ಆ ಫ್ಯಾನಿನ ಮಾರಿ ಆ ಕಡೆ ತಿರುಗಸಂತ ನಿಮ್ಮ ಸಾಹೇಬಗ ಒಂದು ಮಾತು ಹೇಳಪಾ."

ಹೇಳುತ್ತೇನೆ ಅಂದ. ಹೇಳಿದ ಕೂಡ. ಚೇತನಕುಮಾರ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಫ್ಯಾನ್ ತಿರುಗ್ಸಾಕ ಗ್ವಾಡಿ ಒಡೀಬೇಕಾಗತೈತ್ರಿ. ನಾಳೆ ಸಂತ್ಯಾಗ ಆಕಿ ಜನಾ ಕೂಡಸ್ತಾಳಂತ ಸುದ್ದಿ ಬಂದೈತಿ. ಆಕಿ ಬಾಯಿ ನೀವ ಮುಚ್ಚಸ್ರಿ. ಇಲ್ಲಾಂದ್ರ ನಾ ಸೈಕಲ್ ತೊಗೊಂಡು ಬ್ಯಾರೆ ಊರಿಗಿ ಹೋಗ್ತೇನಿ." ರೇಸಿಗೆ ತಿಂಗಳೂ ಉಳಿದಿರಲಿಲ್ಲ.

ಮರುದಿನ ಸಂತೆಯಲ್ಲಿ ರಾಚವ್ವ ಬೇವಿನ ಕಟ್ಟೆಯ ಮುಂದೆ ನಿಂತು ಮಾತು ತೆಗೆದಳು. ಜನ ಕೇಳತೊಡಗಿದರು. ನೀರಿನ ಮಾತು ಬಂದಾಗ ನಾಲ್ಕಾರು ತಲೆ ಹೌದೆಂದು ಅಲ್ಲಾಡಿದವು. ಗುಡುಸಾಬ ಅದನ್ನು ನೋಡಿದ, ಮಿನಾಜಳ ಕೈಯಿಂದ ಕಾರ್ಬನ್ ಸೈಕಲ್ ಜಾರಿಹೋದ ಹಾಗೆ ಕಣ್ಣ ಮುಂದೆ ಬಂತು. ಕಟ್ಟೆ ಹತ್ತಿದ. ಎರಡು ಕೈ ನೆಲಕ್ಕೂರಿ ಎಮ್ಮೆಯಾದ. ನಾಲಿಗೆ ಹೊರಗೆ ಹಾಕಿದ, ಹಿಂದೆ ಟವೆಲಿನ ಬಾಲ ಅಲ್ಲಾಡಿಸಿದ, ಚಪ್ಪಲಿಯನ್ನು ಮೊಬೈಲಿನ ಹಾಗೆ ಕಿವಿಗಿಟ್ಟುಕೊಂಡ. "ಹಲೋ ಸಾಹೇಬ್ರ? ನಾನ್ರೀ, ರಾಚವ್ವನ ಎಮ್ಮಿ! ಫ್ಯಾನ್ ಬಂದ್ ಮಾಡ್ರಿ, ನನಗ ನಿದ್ದಿ ಬರವಲ್ದು. ಆಗೂದಿಲ್ಲಂದ್ರ ಎಸಿ ಹಾಕಸ್ರಿ!" ಆಮೇಲೆ ಕತ್ತು ಚಾಚಿ ಒದರಿದ.

ಸಂತೆಗೆ ಸಂತೆಯೇ ಬಿದ್ದು ಬಿದ್ದು ನಕ್ಕಿತು. "ಇನ್ನೊಮ್ಮಿ, ಗುಡುಸಾಬ, ಇನ್ನೊಮ್ಮಿ!" ಅವನು ಇನ್ನೊಮ್ಮೆ ಒದರಿದ. ತಲೆ ಅಲ್ಲಾಡಿಸಿದವರೂ ಹೊಟ್ಟೆ ಹಿಡಿದುಕೊಂಡಿದ್ದರು. ರಾಚವ್ವ ತನ್ನ ಮಾತನ್ನು ಅರ್ಧಕ್ಕೇ ಬಿಟ್ಟು, ಚೀಲ ಎತ್ತಿಕೊಂಡು, ವಸ್ತಿಯ ಕಡೆ ಹೋಗುವ ಬಾಡಿಗೆ ಜೀಪಿಗೂ ಕಾಯದೆ ನಡೆದು ಹೋದಳು. ಅಂದಿನಿಂದ ಹುಡುಗರು ಅವಳನ್ನು ಕಂಡಲ್ಲೆಲ್ಲ "ಎಸಿ ಆಯಿ" ಅಂದರು. ಎಂಥ ಜನ ಇವರು! ಅವಳ ಹಾಲು ಕುಡಿದ ಬಾಯಿಗಳೇ ಅವು.

ಆ ವಾರದಲ್ಲೇ ಎಮ್ಮೆ ಕಂದು ಹಾಕಿತು. ಗುಡುಸಾಬ ಲೂನಾದ ಮೇಲೆ ಆ ದಾರಿಯಲ್ಲಿ ಬರುವಾಗ, ಸತ್ತ ಕರುವನ್ನು ಗುದ್ದಲಿ ಹಿಡಿದವನೊಬ್ಬ ಎಳೆದೊಯ್ಯುತ್ತಿದ್ದ. ಹಗ್ಗ ಜಗ್ಗುತ್ತ ಎಮ್ಮೆ ಒದರುತ್ತಿತ್ತು. ಅಂಥ ದನಿಯನ್ನು ಗುಡುಸಾಬ ಎಂದೂ ಕೇಳಿರಲಿಲ್ಲ. ನಿಲ್ಲಲಿಲ್ಲ, ಗಾಡಿಯ ವೇಗ ಹೆಚ್ಚಿಸಿದ. ಮರುದಿನದಿಂದ ಮಕ್ಕಳ ತಾಲೀಮಿನ ದಾರಿಯನ್ನೇ ಬದಲಿಸಿ ವಿಜಯಪುರದ ಕಡೆ ತಿರುಗಿಸಿದ. "ಎಮ್ಮಿ ಬತ್ತೈತಂತ, ರಾಚವ್ವ ಹಾಲು ನಿಲ್ಲಿಸ್ಯಾಳ" ಅಂತ ಮಿನಾಜಳಿಗೆ ಹೇಳಿದ. ಸಂತೆಯ ದಿನ ಅವಳು ಶಾಲೆಯಲ್ಲಿದ್ದಳು. ಅಜ್ಜ ಕಟ್ಟೆಯ ಮೇಲೆ ಏನಾಗಿದ್ದ ಎಂದು ಅವಳ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ವಿಜಯಪುರದ ಬೈಪಾಸಿನಲ್ಲಿ ರೇಸು. ಮಿನಾಜ ಎರಡನೆಯವಳಾಗಿ ಗೆರೆ ದಾಟಿದಳು. ಬೆಳ್ಳಿ ಪದಕ ಕೊರಳಿಗೆ ಬಿದ್ದಾಗ ಗುಡುಸಾಬ ಮಗುವಿನ ಹಾಗೆ ಅತ್ತ. ವೇದಿಕೆ ಇಳಿಯುತ್ತಿದ್ದಂತೆ ಯಾರೋ ಇಬ್ಬರು ಆಳುಗಳು ಬಂದು ಸೈಕಲ್ಲಿಗೆ ಕೈ ಹಾಕಿದರು. ಹಿಂದಿನ ದಿನವೇ ಗುಮ್ಮಟ ಕಾಯಿನ್ ಮಣ್ಣು ಮುಕ್ಕಿತ್ತು. ಗಾಂಧಿ ಚೌಕದ ಆಫೀಸಿಗೆ ಬೀಗ, ಚೇತನಕುಮಾರನ ಫೋನು ಸತ್ತಿತ್ತು, ಗೋದಾಮಿನ ಡಬ್ಬಿಗಳು ಲಾರಿ ಏರಿದ್ದವು. ಕಂಪನಿಗೆ ಸಾಲ ಕೊಟ್ಟವನೊಬ್ಬ ಸೈಕಲ್ಲು ಎಳೆಯಲು ಆಳು ಕಳಿಸಿದ್ದ. "ಜರ್ಸಿನೂ ಬಿಚ್ಚವ್ವಾ, ಅದೂ ಕಂಪನೀದು" ಅಂದ ಒಬ್ಬ. ಹುಡುಗಿ ಗೆಳತಿಯ ದುಪಟ್ಟಾ ಹೊದ್ದು ಬಸ್ಸಿನಲ್ಲಿ ಊರಿಗೆ ಬಂದಳು.

ಆದರೂ ಪದಕ ಇತ್ತಲ್ಲ! ಊರವರು ಹಲಗೆ ತಂದರು. ಗುಡುಸಾಬ "ಇವತ್ತ ಬ್ಯಾಡ, ದಣಿದೀದಿ" ಅಂದ. ಮಿನಾಜ ಅಜ್ಜನ ಮಾತು ಕೇಳಲಿಲ್ಲ. "ಮೊದಲ ಎಮ್ಮಿಗೆ, ದಾದಾ. ಆಮ್ಯಾಲೆ ಮನಿಗಿ" ಅಂತ ತನ್ನ ಹಳೇ ಕಬ್ಬಿಣದ ಸೈಕಲ್ ಹತ್ತಿದಳು. ಮೆರವಣಿಗೆ ಹೊರಟಿತು, ಅವನು ಎಲ್ಲರ ಹಿಂದೆ.

ಕೊಟ್ಟಿಗೆಯಲ್ಲಿ ಗೂಟ ಇತ್ತು, ಹಗ್ಗ ಇತ್ತು, ಎಮ್ಮೆ ಇರಲಿಲ್ಲ. ರಾಚವ್ವ ಹೊಸ್ತಿಲಲ್ಲಿ ಕೂತಿದ್ದಳು.

"ಆಯೀ, ಎಮ್ಮಿ ಎಲ್ಲೈತಿ?"

"ಬತ್ತಿದ ಎಮ್ಮಿ ಯಾರು ಸಾಕ್ತಾರ ತಾಯಿ? ಮಾರಿದೆ." ರಾಚವ್ವ ಎದ್ದು ಮಿನಾಜಳ ಕೈಯಿಂದ ಪದಕ ತೆಗೆದುಕೊಂಡಳು. "ಆದ್ರೂ ಪದ್ಧತಿ ಬಿಡಬಾರ್ದು. ಊರಾಗ ಇನ್ನೊಂದು ಎಮ್ಮಿ ಐತಿ. ಸಂತ್ಯಾಗ ನಾನ ನೋಡೇನಿ. ಎಲ್ಲಿದ್ದೀಯೋ ಗುಡ್ಯಾ? ಬಾ. ಬಗ್ಗು."

ಹಲಗೆ ನಿಂತಿತು. ಜನ ಅವನಿಗೆ ದಾರಿ ಬಿಟ್ಟರು. ಒಬ್ಬನಿಗೆ ಆಗಲೇ ನಗು ಬಂದಿತ್ತು. ಗುಡುಸಾಬ ಮೊಮ್ಮಗಳ ಮುಖ ನೋಡಲಾರದೆ ಕೆಟ್ಟ ಮೊಣಕಾಲನ್ನು ನೆಲಕ್ಕೂರಿದ, ಕೈ ಊರಿದ. ರಾಚವ್ವ ಪದಕವನ್ನು ಅವನ ಕೊರಳಿಗೆ ಹಾಕಿದಳು.

"ಒದರು. ಅವತ್ತ ಹೆಂಗ ಒದರಿದ್ದಿ, ಹಂಗ."

"ಅವತ್ತ ಏನಾಗಿತ್ತು ದಾದಾ?" ಮಿನಾಜ ಕೇಳಿದಳು. ಹಲಗೆಯವನೇ ಹಲ್ಲು ಕಿಸಿಯುತ್ತ ಎಲ್ಲ ಹೇಳಿದ, ಚಪ್ಪಲಿ ಕಿವಿಗಿಟ್ಟು ಫೋನು ಮಾಡಿದ್ದನ್ನೂ ಬಿಡಲಿಲ್ಲ.

ಗುಡುಸಾಬ ಬಾಯಿ ತೆರೆದ. ಸಂತೆಯ ಎಮ್ಮೆಯ ದನಿ ಬರಲಿಲ್ಲ. ಬಂದದ್ದು ಅಂದು ಲೂನಾದ ಮೇಲಿಂದ ಕೇಳಿದ್ದು, ಕರುವಿನ ಹಿಂದೆ ಹಗ್ಗ ಜಗ್ಗುತ್ತ ಒದರಿದ್ದು. ಅದೇ ದನಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಬಂತು. ರಾಚವ್ವ ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಿನಾಜ ಪದಕವನ್ನು ಕೇಳಲಿಲ್ಲ. ಸೈಕಲ್ ತಿರುಗಿಸಿ, ಹಿಂದೆ ನೋಡದೆ ಹೊರಟುಹೋದಳು.

ಅವನು ಇನ್ನೂ ಮಂಡಿಯ ಮೇಲೇ ಇದ್ದ. ಗುಂಪಿನ ಹಿಂದಿನಿಂದ ಯಾರೋ ಕೂಗಿದರು.

"ಇನ್ನೊಮ್ಮಿ, ಗುಡುಸಾಬ, ಇನ್ನೊಮ್ಮಿ!"