ಮರಳ ಮೇಲಷ್ಟೇ ಟವರ್

ನಮ್ಮತ್ತೆಗೆ ಬೇಕಾಗಿದ್ದದ್ದು ಮಿಕ್ಸಿ, ಸಿಕ್ಕಿದ್ದು ಸಮುದ್ರ.

ರಾಬರ್ಟ್‌ಸನ್‌ಪೇಟೆಯ ಸೀರೆ ಅಂಗಡಿಯೊಂದರಲ್ಲಿ ದೀಪಾವಳಿಗೆ ಲಕ್ಕಿ ಡಿಪ್ ಇಟ್ಟಿದ್ದರು. ಮೊದಲನೇ ಬಹುಮಾನ ಸ್ಕೂಟರ್, ಎರಡನೆಯದು ಪ್ರವಾಸ, ಮೂರನೆಯದು ಮಿಕ್ಸಿ. ಅತ್ತೆ ಚೀಟಿಯನ್ನು ಡಬ್ಬಕ್ಕೆ ಹಾಕುವಾಗಲೇ ಅಂಗಡಿಯವನಿಗೆ, "ನೋಡಪ್ಪಾ, ನಂಗೆ ಮೂರನೇದು ಬರಂಗೆ ಮಾಡು, ಮೊದಲ್ನೇದೆಲ್ಲ ಬ್ಯಾಡ" ಎಂದು ಹೇಳಿ ಬಂದಿದ್ದರು. ಅವನು ಪಾಪ ಪ್ರಯತ್ನಪಟ್ಟನೋ ಏನೋ, ಒಂದು ಸ್ಥಾನ ಹೆಚ್ಚುಕಮ್ಮಿಯಾಯಿತು. ಬಂದ ಲಕೋಟೆಯನ್ನು ನಾನೇ ಒಡೆದು ಓದಿದೆ. ಮದರಾಸಿನಿಂದಾಚೆ ಸಮುದ್ರದ ದಂಡೆಯಲ್ಲಿ, ದೊರೆಗಳ ಕಾಲದ ಐತಿಹಾಸಿಕ ಕಾಟೇಜಿನಲ್ಲಿ, ಇಬ್ಬರಿಗೆ ಎರಡು ರಾತ್ರಿ ವಾಸ, ಊಟ ತಿಂಡಿ ಸಹಿತ. ಅತ್ತೆ ಮಾರನೇ ದಿನವೇ ಅಂಗಡಿಗೆ ಹೋಗಿ, ಸಮುದ್ರ ವಾಪಸ್ ತಗೊಂಡು ಮಿಕ್ಸಿ ಕೊಡು ಎಂದು ಕೇಳಿದರು. ಆಗಲಿಲ್ಲ. ಮೂರನೇ ಬಹುಮಾನ ಬಂದವರು ಆಗಲೇ ಚಟ್ನಿ ರುಬ್ಬುತ್ತಿದ್ದರಂತೆ.

ಬಹುಮಾನ ಬಂದವರೇ ಆಧಾರ್ ಕಾರ್ಡ್ ತೋರಿಸಿ ಇಳಿದುಕೊಳ್ಳಬೇಕು, ಜೊತೆಗೆ ಒಬ್ಬರು ಬರಬಹುದು ಎಂದು ಷರತ್ತು. ಅಂದರೆ ಅತ್ತೆ ಹೋಗಲೇಬೇಕು. ತೊಡಕಿದ್ದದ್ದೇ ಅಲ್ಲಿ. ನಮ್ಮತ್ತೆ ಒಂದು ರಾತ್ರಿಯೂ ಮನೆ ಬಿಟ್ಟು ಮಲಗುವವರಲ್ಲ. ಅದಕ್ಕೆ ಕಾರಣ ನಮ್ಮ ಹಸು.

ಅದು ಸೀಮೆ ಹಸು, ಗಡಿಯಾಚೆ ಆಂಧ್ರದ ಕುಪ್ಪಂ ಸಂತೆಯಿಂದ ತಂದದ್ದು. ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅದರ ಹೆತ್ತವರನ್ನೆಲ್ಲ ಎತ್ತಿ ತೆಲುಗಿನಲ್ಲಿ ಬೈದ ಮೇಲಷ್ಟೇ ಹಾಲು ಇಳಿಸುತ್ತಿತ್ತು. ಬೇರೆ ಯಾರಾದರೂ ಕೆಚ್ಚಲಿಗೆ ಕೈ ಹಾಕಿದರೆ ಒದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಳ್ಳೆಯ ಸೊಸೆ ಅನ್ನಿಸಿಕೊಳ್ಳೋಣ ಎಂದು ಒಮ್ಮೆ ಕೂತೆ. ಬಕೆಟ್ಟು ಹುಲ್ಲಿನ ಬಣವೆಯ ಹತ್ತಿರ ಸಿಕ್ಕಿತು. ಅತ್ತೆಗೆ ಆವತ್ತು ಆದ ಸಂತೋಷ ಅವರ ಮಗನ ಮದುವೆಯಲ್ಲೂ ಆಗಿರಲಿಲ್ಲ. "ನಾನಿಲ್ದಿದ್ರೆ ಅದು ಒಂದು ತೊಟ್ಟು ಕೊಡಲ್ಲ ಕಣಮ್ಮಾ" ಎಂದು ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆಲ್ಲ ಹೇಳಿಕೊಂಡು ಬಂದರು. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬಾವು ಬಂದು ಹಸುವೇ ಹಾಳಾಗುತ್ತದೆ, ಮನೆಯ ಅರ್ಧ ಸಂಸಾರ ನಡೆಯುವುದೇ ಆ ಹಾಲಿನಲ್ಲಿ. ಹಾಗಾಗಿ ಯಾವ ಮದುವೆಗೆ ಹೋದರೂ ಅತ್ತೆ ಸಂಜೆಯೊಳಗೆ ವಾಪಸ್. ಅವರ ಸ್ವಂತ ಅಕ್ಕ ಇರುವುದು ಮಾರಿಕುಪ್ಪಂನಲ್ಲಿ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೂತರೆ ಕಡಲೆಕಾಯಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಊರು ಬರುತ್ತದೆ. ಆ ಮನೆಯಲ್ಲೂ ಒಂದು ರಾತ್ರಿ ಮಲಗಿಲ್ಲ. ಅಕ್ಕ ಅತ್ತು ಕರೆದು ಜಗಳ ಮಾಡಿದರೂ, "ಅಸ ಐತೆ ಕಣಕ್ಕಾ" ಎಂದು ಎದ್ದುಬಿಡುತ್ತಿದ್ದರು. ನನಗೆ ಅದು ಬರೀ ಜಂಬವಾಗಿಯೇ ಕಾಣುತ್ತಿತ್ತು.

ಈಗಲೂ ಹೋಗುವುದಿಲ್ಲ ಎಂದೇ ಕೂತಿದ್ದರು. ನನ್ನ ಗಂಡ, "ನಾನು ಕರೀತೀನಿ ಓಗಮ್ಮಾ. ಫೋನ್ ಸ್ಪೀಕರಿಗೆ ಆಕಿ ಅದರ ಕಿವಿ ತಾವ ಇಡೀತೀನಿ, ನೀನು ಅಲ್ಲಿಂದ್ಲೇ ಬೈದುಬಿಡು" ಎಂದರು. ಅತ್ತೆ ಯೋಚಿಸಿದರು. ಕೊನೆಗೆ, "ನಾವು ಓಗ್ದಿದ್ರೆ ಆ ಸೀರೆ ಅಂಗಡಿಯೋನಿಗೆ ಲಾಭ" ಎಂದು, ಅವನ ಮೇಲಿನ ಸಿಟ್ಟಿಗೆ ಒಪ್ಪಿದರು. ಜೊತೆಗೆ ನಾನು. ಶಾಲೆಗೆ ಹೇಗೂ ರಜಾ ಇತ್ತು. ನಾನು ಬಂಗಾರಪೇಟೆಯಲ್ಲಿ ಟೀಚರು, ತುಮಕೂರು ಕಡೆಯವಳು. ನನಗೆ ತೆಲುಗು ಬರುವುದಿಲ್ಲ, ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಇವೆರಡೂ ಮುಂದೆ ಕೆಲಸಕ್ಕೆ ಬಂದವು.

ಬೆಳಗಿನ ಹಾಲು ಕರೆದೇ ರೈಲು ಹತ್ತಿದೆವು. ಮದರಾಸಿನಲ್ಲಿಳಿದು ಬಸ್ಸು ಹಿಡಿದು ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಾಟೇಜಿನ ಮುಂದೆ ನಿಂತೆವು. ಹೆಂಚಿನ ಮಾಡು, ಮರದ ಜಾಲರಿಯ ವರಾಂಡ, ಎತ್ತರದ ಬಾಗಿಲು. ಅತ್ತೆ ಚೀಲ ಕೆಳಗಿಡಲಿಲ್ಲ.

"ಇದೇನೇ ಇದು, ನಮ್ಮ ಮೈಸೂರು ಮೈನ್ಸ್ ಬಂಗ್ಲೆ ತರಾನೇ ಐತೆ. ಇಂಥಾದ್ರಾಗೆ ನಮ್ಮ ಕಡೆ ಮೇಕೆ ಕಟ್ತಾರೆ."

ಕೆಜಿಎಫ್‌ನಲ್ಲಿರುವ ಮೈಸೂರು ಮೈನ್ಸ್ ಅವರ ತವರು. ಚಿನ್ನದ ಗಣಿ ಮುಚ್ಚಿ ಎಷ್ಟೋ ಕಾಲವಾಗಿ ದೊರೆಗಳ ಬಂಗಲೆಗಳ ಸುತ್ತ ಜಾಲಿ ಬೆಳೆದಿದೆ. ಅಂಥದ್ದೇ ಒಂದಕ್ಕೆ ಸುಣ್ಣ ಬಳಿದರೆ ಜನ ದುಡ್ಡು ಕೊಟ್ಟು ಬಂದು ಮಲಗುತ್ತಾರೆ ಎನ್ನುವುದನ್ನು ಅವರು ಕೊನೆಯವರೆಗೂ ನಂಬಲಿಲ್ಲ.

ಕಾಟೇಜು ನೋಡಿಕೊಳ್ಳುವವನು ತಮಿಳಿನವನು, ಗೌರವಸ್ಥ. ನಮ್ಮನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ತೆರೆದ. ಮಂಚದ ಮೇಲೆ ಗುಲಾಬಿ ದಳಗಳಲ್ಲಿ ದೊಡ್ಡದೊಂದು ಹೃದಯ, ಅದರ ನಡುವೆ ಟವೆಲಿನಲ್ಲಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡಿದ್ದವು. ಇಬ್ಬರು ಅಂದರೆ ಗಂಡ ಹೆಂಡತಿ ಎಂದುಕೊಂಡಿದ್ದನಂತೆ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನಿಗೂ ಏನು ಹೇಳಬೇಕೋ ತಿಳಿಯದೆ ಮಂಚದ ಚರಿತ್ರೆ ಶುರು ಮಾಡಿದ. ಬರ್ಮಾ ತೇಗ, ಕಾಟೇಜು ಕಟ್ಟಿಸಿದ ದೊರೆ ಬೇಸಿಗೆಯಲ್ಲೆಲ್ಲ ಇದರ ಮೇಲೇ ಮಲಗುತ್ತಿದ್ದದ್ದು. ಅತ್ತೆ ತಮ್ಮ ಕೆಜಿಎಫ್ ತಮಿಳಿನಲ್ಲಿ, ಆ ದೊರೆ ಸತ್ತದ್ದು ಎಲ್ಲಿ ಎಂದು ಕೇಳಿದರು. ಅವನು ಸತ್ಯವಂತ. ಇದೇ ಮಂಚದ ಮೇಲೆ ಎಂದುಬಿಟ್ಟ.

ಅತ್ತೆ ಆಗಲೇ ಚಾಪೆ ಕೇಳಿದರು. ಎರಡು ರಾತ್ರಿಯೂ ನೆಲದ ಮೇಲೆ ಮಲಗಿದರು. ದೊರೆ, ದಳ, ಹಂಸ ಎಲ್ಲ ನನ್ನ ಪಾಲಿಗೆ ಬಂತು. ನನಗೇನೂ ಬೇಜಾರಾಗಲಿಲ್ಲ, ಅಷ್ಟು ಚೆನ್ನಾಗಿ ನಿದ್ದೆ ಮಾಡಿ ವರ್ಷಗಳಾಗಿದ್ದವು. ಸಿಂಹದ ಕಾಲಿನ ಸ್ನಾನದ ತೊಟ್ಟಿಯೊಂದು ಮಾತ್ರ ಅತ್ತೆಗೆ ಹಿಡಿಸಿತು. "ಅಸಕ್ಕೆ ಕಲಗಚ್ಚು ಇಡೋಕೆ ಬಾಳ ಚೆನ್ನಾಗೈತೆ" ಎಂದು ಬೆರಳಿನಿಂದ ಬಡಿದು ನೋಡಿದರು.

ಹಸುವಿನ ನೆನಪಾಗಿದ್ದೇ ಫೋನ್ ತೆಗೆದರು. ಸಂಜೆಯ ಹಾಲಿನ ಹೊತ್ತು. ಟವರ್ ಇಲ್ಲ. ವರಾಂಡದಲ್ಲಿಲ್ಲ, ಹಿತ್ತಲಲ್ಲಿಲ್ಲ, ಮಂಚದ ಮೇಲೆ ನನ್ನನ್ನು ಹತ್ತಿಸಿ ಕೈ ಎತ್ತಿಸಿದರೂ ಇಲ್ಲ. ಇವರ ಗಾಬರಿ ನೋಡಿ ಕಾಟೇಜಿನವನು ಸಮುದ್ರದ ಕಡೆ ಕೈ ತೋರಿಸಿದ. "ಮಣಲ್ ಮೇಲೆ ಪೋನಾ ಕಿಡೈಕ್ಕುಂ ಅಮ್ಮಾ." ಮರಳ ಮೇಲೆ ಹೋದರೆ ಸಿಗುತ್ತದೆ.

ಅತ್ತೆ ವರಾಂಡದ ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು.

ಇದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಕೆಜಿಎಫ್‌ನಲ್ಲಿ ಹುಟ್ಟಿದವರಿಗೆ ಮರಳು ಅಂದರೆ ಆಟದ ಸಾಮಾನಲ್ಲ. ಅಲ್ಲಿ ಊರ ಪಕ್ಕದಲ್ಲೇ ಬೆಳ್ಳನೆಯ ಗುಡ್ಡಗಳಿವೆ. ಬಂಡೆ ಪುಡಿಮಾಡಿ, ಸೈನೈಡಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡು ಸುರಿದ ಮರಳು. ಗಾಳಿ ಬಂದರೆ ಅನ್ನದ ತಟ್ಟೆಗೆ ಬಂದು ಬೀಳುತ್ತಿತ್ತಂತೆ. ಅತ್ತೆ ನಡೆಯಲು ಕಲಿತ ದಿನದಿಂದ ಕೇಳಿದ್ದು ಒಂದೇ ಮಾತು, ಮರಳು ಮುಟ್ಟಬೇಡ, ಮುಟ್ಟಿದರೆ ಕೈ ತೊಳೆ. ನಾನು ಮೊದಲ ಸಲ ಅವರ ತವರಿಗೆ ಹೋದಾಗ ಚೆಂದ ಕಾಣಿಸಿತೆಂದು ಒಂದು ಹಿಡಿ ಎತ್ತಿಕೊಂಡಿದ್ದೆ. ಹೊಸ ಸೊಸೆ ಎಂದೂ ನೋಡದೆ ಕೈ ಮೇಲೆ ಫಟ್ ಎಂದು ಕೊಟ್ಟು, ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಮೊಣಕೈವರೆಗೆ ಉಜ್ಜಿದ್ದರು.

"ಅತ್ತೆ, ಇದು ಸಮುದ್ರದ ಮರಳು. ಇದರಲ್ಲಿ ಏನೂ ಇರಲ್ಲ."

"ಅಲ್ಲಿ ಗಣಿಯೋರೂ ಅಂಗೇ ಏಳ್ತಿದ್ರು. ನೀನು ಓಗು, ಚಪ್ಪಲಿ ಆಕ್ಕೊಂಡು ಓಗು. ಬಂದು ಕೈ ತೊಳ್ಕೋ."

ಹೋದೆ. ಟವರ್ ಬಂತು, ಗಂಡನ ದನಿಯೂ ಬಂತು. ಬಕೆಟ್ಟು ಎರಡು ಸಲ ಉರುಳಿತ್ತು, ಮಂಡಿಗೆ ಒದೆ ಬಿದ್ದಿತ್ತು, ಒಂದು ತೊಟ್ಟೂ ಇಳಿದಿರಲಿಲ್ಲ. "ಅಮ್ಮನ್ನ ಕರಿಯೇ ಬೇಗ, ಕೆಚ್ಚಲು ಕಲ್ಲಾಗೈತೆ" ಎಂದರು. ಅಮ್ಮ ಮೆಟ್ಟಿಲು ಬಿಡುವುದಿಲ್ಲ. ಕೊನೆಗೆ ಆದದ್ದೇನೆಂದರೆ, ಅವರು ಅಲ್ಲಿಂದ ತೆಲುಗಿನಲ್ಲಿ ಕೂಗುವುದು, ನಾನು ಅದನ್ನೇ ಫೋನಿಗೆ ಒಪ್ಪಿಸುವುದು.

"ಏಮೇ ದೊಂಗದಾನಾ" ಎಂದು ಅವರು ಗರ್ಜಿಸಿದರು.

"ಏಮೇ ದೊಂಗದಾನಾ" ಎಂದೆ ನಾನು.

"ನೀ ಮೊಗಂ ಮಂಡಾ."

"ನೀ ಮೊಗಂ ಮಂಡಾ."

ಕಳ್ಳಿ, ನಿನ್ನ ಮುಖಕ್ಕೆ ಬೆಂಕಿ ಎನ್ನುವ ಆ ಬೈಗುಳಗಳನ್ನು ನಾನು ಒಪ್ಪಿಸಿದ್ದು ಶಾಲೆಯಲ್ಲಿ ಪ್ರಾರ್ಥನೆ ಹೇಳಿಕೊಡುವ ರಾಗದಲ್ಲಿ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಧಡ್ ಎಂದು ಸದ್ದು. "ಬ್ಯಾಡ, ನೀನು ಬೈಬ್ಯಾಡ, ಇನ್ನೂ ಜಾಸ್ತಿ ಒದೀತೈತೆ" ಎಂದು ನನ್ನ ಗಂಡ ನರಳಿದರು. ಹಸುವಿಗೂ ನನ್ನ ತೆಲುಗು ಹಿಡಿಸಲಿಲ್ಲ.

ಅದನ್ನು ಹೇಳಿದಾಗ ಅತ್ತೆಯ ಮುಖ ಸಣ್ಣಗಾಯಿತು. ಒಳಗೆ ಹೋದರು. ಸೋತು ಹೋದರು ಎಂದುಕೊಂಡೆ. ಹೊರಗೆ ಬಂದಾಗ ಎರಡು ಕಾಲಿಗೂ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದರು, ಅದೇ ಸೀರೆ ಅಂಗಡಿಯದು, ಕಣಕಾಲಿಗೆ ಹುರಿ ಸುತ್ತಿ. ಸೀರೆ ಎತ್ತಿ ಹಿಡಿದು, ಚರಪರ ಚರಪರ ಎಂದು ಸದ್ದು ಮಾಡುತ್ತ, ಕೆಂಡ ತುಳಿಯುವವರ ಮುಖ ಮಾಡಿಕೊಂಡು ಮರಳಿನ ಮೇಲೆ ಬಂದರು. ಫೋನ್ ಕಿತ್ತುಕೊಂಡರು. ಆಮೇಲೆ ಅವರು ಆ ಹಸುವಿಗೆ ಅಂದದ್ದನ್ನು ಟೀಚರಾಗಿ ನಾನು ಬರೆಯುವ ಹಾಗಿಲ್ಲ. ಬಲೆ ಎಳೆಯುತ್ತಿದ್ದ ಬೆಸ್ತರು ಕೆಲಸ ನಿಲ್ಲಿಸಿ ನೋಡಿದರು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳಿಸಿತು, ಸರ್ ಸರ್ ಎಂದು. ಅತ್ತೆ ನನ್ನ ಕಡೆ ತಿರುಗಿ, "ಏಳಿರಲಿಲ್ವಾ?" ಎಂದರು. ಆಮೇಲೆ ಸಿಂಹದ ಕಾಲಿನ ತೊಟ್ಟಿಯಲ್ಲಿ ಕಾಲು ತೊಳೆದರು, ಕೈ ತೊಳೆದರು, ಫೋನನ್ನೂ ಒರೆಸಿದರು.

ಮಾರನೇ ಬೆಳಿಗ್ಗೆಯೂ ಹಾಗೇ, ಸಂಜೆಯೂ ಹಾಗೇ. ಕವರ್ ಕಟ್ಟುವುದು, ಬೈಯುವುದು, ತೊಳೆಯುವುದು. ನಡುವೆ ಇಡೀ ದಿನ ವರಾಂಡದಲ್ಲಿ ಕೂತು ಸಮುದ್ರ ನೋಡುತ್ತಿದ್ದರು. ನಾನು ಅಲೆಯಲ್ಲಿ ನೆಂದು ಬಂದರೆ, "ಟೀಚರಮ್ಮ, ಕೈ ತೊಳ್ಕೊಂಡ್ಯಾ?" ಎಂದು ಮಾತ್ರ ಕೇಳುತ್ತಿದ್ದರು. ಊಟದ ಹೊತ್ತಿನಲ್ಲಿ ಒಮ್ಮೆ ತಮ್ಮಷ್ಟಕ್ಕೇ, "ಅಕ್ಕ ನೋಡಿದ್ರೆ ಎಷ್ಟು ಕುಸಿ ಪಡೋಳು" ಎಂದರು. ನನಗೆ ರೇಗಿತು. ಅಕ್ಕನ ಮನೆಗೆ ಹೋಗದವರು ಇಲ್ಲಿ ಕೂತು ಅಕ್ಕನನ್ನು ನೆನೆಯುವುದು ಯಾವ ನ್ಯಾಯ ಎಂದು ಕೇಳಿಯೂಬಿಟ್ಟೆ. ಅವರು ಅನ್ನ ಕಲಸಿಕೊಂಡರು.

ಕೊನೆಯ ಬೆಳಿಗ್ಗೆ ಕವರ್‌ಗಳು ಹರಿದು ಚಿಂದಿಯಾಗಿದ್ದವು. ಬೇರೆ ಕವರ್ ಇಲ್ಲ, ಚಪ್ಪಲಿಗೆ ಮೆತ್ತಿದ ಮರಳು ಮನೆಯವರೆಗೂ ಬರುತ್ತದೆ ಎಂದು ಅದನ್ನೂ ಮೆಟ್ಟಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ನಿಂತು ಅತ್ತ ಇತ್ತ ನೋಡಿದರು. ಹಾಲಿನ ಹೊತ್ತು ಮೀರುತ್ತಿತ್ತು. ಕಣ್ಣು ಮುಚ್ಚಿಕೊಂಡು, ಅಮ್ಮಾ ತಾಯೀ ಎಂದು, ಬರಿಗಾಲು ಮರಳಿಗಿಟ್ಟರು. ನಾನು ಮುಂದೆ ಓಡಿ ಫೋನ್ ಮಾಡಿದೆ.

ಆಚೆಯಿಂದ ಗಂಡನ ದನಿ ಪಿಸಪಿಸ ಎಂದಿತು. "ಅಮ್ಮ ಪಕ್ಕದಾಗವ್ರಾ? ಸ್ಪೀಕರ್ ಆಕ್ಬ್ಯಾಡ. ಆಲು ಆಗ್ಲೇ ಕೊಟ್ಬಿಡ್ತು. ಸುಮ್ನೆ ಬೆನ್ನು ಸವರ್ತಾ ಕೂತೆ, ಒದೀನೂ ಇಲ್ಲ. ಅಮ್ಮಂಗೆ ಏಳ್ಬ್ಯಾಡ, ನೊಂದ್ಕೊತಾರೆ. ಸುಮ್ನೆ ಫೋನ್ ಕೊಡು, ಬೈಕೊಳ್ಲಿ."

ಅತ್ತೆ ಸೀರೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು, ಕೈ ಚಾಚಿ ನಿಂತಿದ್ದರು. ಹಿಂದಿನ ಸಂಜೆಗಿಂತ ಜೋರಾಗಿ ಬೈಯುವ ತಯಾರಿ. ಇಷ್ಟು ವರ್ಷ ಡೈರಿ ಮುಂದೆ ಹೇಳಿಕೊಂಡು ಬಂದ ಆ ಒಂದು ಮಾತು ನನ್ನ ಕೈಯಲ್ಲಿತ್ತು. ಅದನ್ನು ಒಡೆಯಬಾರದು ಎಂದುಕೊಂಡೆ. ನಿಜವಾಗಿಯೂ ಸಂಕಟವಾಯಿತು. ಆದರೆ ನನ್ನ ಬಾಯಿಯ ವಿಷಯ ಹೇಳಿದೆನಲ್ಲ.

"ಕೊಟ್ಬಿಟ್ಟಿದೆಯಂತೆ ಅತ್ತೆ. ನೀವು ಬೈಯೋ ಮುಂಚೇನೇ."

ಅವರು ಚಾಚಿದ ಕೈ ಹಾಗೇ ಇತ್ತು.

"ಯಾರಿಗೆ?"

"ನಿಮ್ಮ ಮಗನಿಗೆ."

"ಒದೀಲಿಲ್ವಾ?"

"ಇಲ್ವಂತೆ."

"ಪೂರ್ತಿ ಕೊಡ್ತಾ? ಕೆಚ್ಚಲಾಗೆ ಏನೂ ಉಳಿಸ್ಕೊಂಡಿಲ್ಲ ತಾನೇ?"

"ಯಾವತ್ತಿನಷ್ಟೇ ಬಂದಿದೆಯಂತೆ."

ಅತ್ತೆ ಸಮುದ್ರದ ಕಡೆ ತಿರುಗಿದರು. ಒಂದು ಅಲೆ ಬಂದು ಅವರ ಪಾದ ಮುಚ್ಚಿ ವಾಪಸ್ ಹೋಯಿತು, ಅವರು ಕಾಲು ತೆಗೆಯಲಿಲ್ಲ. ಈಗ ಅಳುತ್ತಾರೆ, ಏನು ಸಮಾಧಾನ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ಹೇಳಿ ತಪ್ಪು ಮಾಡಿದೆ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

"ಅಂಗಾದ್ರೆ," ಎಂದರು ಅತ್ತೆ ನಿಧಾನವಾಗಿ, "ಬೆಳಗಿನ ರೈಲು ಓದ್ರೆ ಓಗ್ಲಿ. ಸಂಜೇದಕ್ಕೆ ಓಗಾಣ."

ನಾನು ಫೋನನ್ನು ಮತ್ತೆ ಕಿವಿಗಿಟ್ಟೆ.

"ಅವನಿಗೆ ಏಳು, ಇವತ್ತು ಸಂಜೇನೂ ಅವನೇ ಕರೀಲಿ. ಯುಗಾದಿಗೂ ಅವನೇ ಕರೀಲಿ. ನಾನು ಅಕ್ಕನ ಮನೇಗೆ ಓಗಿ ಒಂದು ನಾಕು ದಿನ ಇದ್ದು ಬತ್ತೀನಿ."

ಅಷ್ಟು ಹೇಳಿ, ಉಟ್ಟ ಸೀರೆಯಲ್ಲೇ, ಆ ಒದ್ದೆ ಮರಳಿನ ಮೇಲೆ ಕಾಲು ನೀಡಿ ಕೂತುಬಿಟ್ಟರು. ಎರಡೂ ಅಂಗೈ ಮರಳಿಗೆ ಊರಿದರು.

"ಅತ್ತೆ, ಮರಳು" ಎಂದೆ.

"ಕೈ ಆಮೇಲೆ ತೊಳ್ಕೊಂಡ್ರಾಯ್ತು," ಎಂದರು. "ಬಾ, ಕೂತ್ಕೋ."