ಭಾವ ಮಾಡಿದ ನಾಲ್ಕು ಸಮಪಾಲು

ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ರಿಜಿಸ್ಟರುಗಳಿಗೆ ಗೆರೆ ಎಳೆದು ನಿವೃತ್ತನಾದ ಭಾವನಿಗೆ, ಗೆರೆ ನೇರವಾಗಿದ್ದರೆ ಕೆಲಸವೂ ಸರಿಯಾಗಿರುತ್ತದೆಂಬ ನಂಬಿಕೆಯಿತ್ತು. ಆ ನಂಬಿಕೆಯನ್ನು ಹೊತ್ತು ಅವನು ನಾದಿನಿಯ ಹೊಲಿಗೆ ಅಂಗಡಿಯ ಹಿಂಕೋಣೆಗೆ ಬಂದು, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಸಿಸ್ಟಮ್ ಹಾಕಿ, ಕಡತಗಳನ್ನೆಲ್ಲ ಕೂಡಿಡುವ ಮನೆ ಸರ್ವರ್ ಮಾಡಿಕೊಡುವೆನೆಂದು ಸಾರಿದನು. ಅವಳು ಕೈಯಾರೆ ಬರೆದ ಅಂಗಿ, ಕೋಟುಗಳ ನಮೂನೆಗಳೆಲ್ಲ ಅದರೊಳಗೆ. ಅಟ್ಟದ ಕಾಗದ ರದ್ದಿಗೆ. ಆ ನಮೂನೆಗಳೇ ಅವಳ ಅನ್ನ.

ಐನೂರು ಜಿಬಿಯ ಡಿಸ್ಕನ್ನು ಅವನು ನಾಲ್ಕು ಸಮಪಾಲು ಮಾಡಿದನು: ಸಿಸ್ಟಮ್ಮಿಗೊಂದು, ಮೆಮೊರಿ ಸಾಲದಿದ್ದಾಗ ಬೇಕಾಗುವ ಸ್ವಾಪಿಗೊಂದು, ಯಂತ್ರ ತಾನೇ ಬರೆದುಕೊಳ್ಳುವ ದಿನಚರಿಯಾದ ಲಾಗುಗಳಿಗೊಂದು, ನಮೂನೆಗಳಿಗೊಂದು. ಇಡುವ ಸಾಮಾನೆಷ್ಟೆಂದು ಕೇಳಲಿಲ್ಲ. ಕೇಳಿದರೆ ಬಲ್ಲವನೆನಿಸಿಕೊಳ್ಳುವುದು ಹೇಗೆ?

"ನೋಡಮ್ಮಾ, ಅಣ್ಣತಮ್ಮಂದಿರಿಗೆ ಹಂಚಿದ ಹಾಗೆ ಹಂಚಿದ್ದೀನಿ."

"ಇದೇನು ಭಾವ, ಆಸ್ತಿ ಪಾಲೇ?"

"ನೀನು ಕತ್ತರಿ ಹಿಡಿ. ಇದು ನಿನಗೆ ತಿಳಿಯಲ್ಲ."

ಅವಳು ಸ್ಕ್ಯಾನ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟದ್ದನ್ನು ಅವನು ಸರ್ವರಿಗೆ ಸೇರಿಸಿ, ಪೆನ್‌ಡ್ರೈವ್ ಅಳಿಸಿ ಮರಳಿಸುತ್ತ ಬಂದನು. ಹತ್ತೊಂಬತ್ತನೆಯ ದಿನ, ಪರದೆಯತ್ತ ಕಣ್ಣನ್ನೂ ಹಾಯಿಸದೆ, "ಎಲ್ಲಾ ಒಳಗೆ ಹೋಯ್ತು" ಎಂದು ಕಾಗದದ ಕಟ್ಟುಗಳನ್ನು ಮೆಟ್ಟಿಲಿಗೆ ತಂದಿಟ್ಟನು. ರದ್ದಿಯವನು ತಕ್ಕಡಿ ಎತ್ತಿದನು.

ಗಿರಾಕಿ ಕೊಟ್ಟ ಗುಂಡಿಗಳನ್ನೂ ಎಣಿಸಿಕೊಳ್ಳುವ ಹೆಂಗಸು ಅವಳು. ಕಂಪ್ಯೂಟರಿನ ಮುಂದೆ ಕುಳಿತು ತೆರೆದು ನೋಡಿದಳು. ಅಂಗಿಗಳಿದ್ದವು, ಕೋಟು ಒಂದೂ ಇರಲಿಲ್ಲ. ಜಾಗವಿಲ್ಲವೆಂದು ಯಂತ್ರ ಬಾಯಿಬಿಟ್ಟು ಹೇಳಿ ಎಂಟು ದಿನವಾಗಿತ್ತು. ಉಳಿದ ಮೂರು ಪಾಲುಗಳು ಹೆಚ್ಚುಕಡಿಮೆ ಖಾಲಿ ಕಣಜದಂತೆ ಬಿದ್ದಿದ್ದವು.

ಅವಳು ಓಡಿಹೋಗಿ ತಕ್ಕಡಿಯಿಂದಲೇ ಕಟ್ಟನ್ನು ಕಿತ್ತುಕೊಂಡಳು. "ಕೊಡಲ್ಲಪ್ಪಾ, ಹೋಗು."

"ಡಿಸ್ಕೇ ಚಿಕ್ಕದು, ನಾನೇನು ಮಾಡ್ಲಿ?" ಎಂದನು ಭಾವ.

"ಬಟ್ಟೆ ಬೇಕಾದಷ್ಟಿತ್ತು ಭಾವ. ಅಳತೆ ತಗೊಳ್ಳದೆ ಕತ್ತರಿಸಿದ್ದು ನೀವು. ಎದೆಗೂ ಮುಂಗೈಗೂ ಒಂದೇ ಅಳತೆ ಇಟ್ಟರೆ ಆ ಅಂಗಿ ಯಾರ ಮೈಗೆ ಆಗುತ್ತೆ? ನಿಮ್ಮ ಮೈಗೇ ಆಗಬೇಕು!"

ಮರುದಿನ ಅವಳು ಯಾವುದಕ್ಕೆಷ್ಟು ಬೇಕೆಂದು ಅಳೆದುಕೊಂಡು ಎದುರಿಗೆ ನಿಂತು ಹೇಳಿದಳು, ಅವನು ಮಾಡಿದನು: ಸಿಸ್ಟಮ್ಮಿಗೆ ಲಾಗುಗಳೂ ಸೇರಿ ನಲವತ್ತು ಜಿಬಿ, ಸ್ವಾಪಿಗೆ ಎಂಟು, ನಮೂನೆಗಳಿಗೆ ಮುನ್ನೂರೈವತ್ತು. ಮಿಕ್ಕದ್ದನ್ನು, ಮುಂದೆ ಬಿಚ್ಚಿ ಅಗಲಿಸಲೆಂದು ಹೊಲಿಗೆಯೊಳಗೆ ಬಟ್ಟೆ ಬಿಡುವಂತೆ, ಯಾರಿಗೂ ಹಂಚದೆ ಬಿಡಿಸಿದಳು. ಕಾಗದ ಅಟ್ಟ ಸೇರಿತು, ಕೋಟುಗಳ ಕಟ್ಟೊಂದರ ಹೊರತು. ಅದನ್ನು ಮತ್ತೆ ಸ್ಕ್ಯಾನ್ ಮಾಡುವ ಕೆಲಸ ಭಾವನ ತಲೆಗೆ ಬಂತು.

"ಒಂದೊಂದೇ ಹಾಳೆ. ಒಳಗೆ ಹೋಯ್ತಾ ಅಂತ ತೆರೆದು ನೋಡಿ, ಆಮೇಲೆ ಮುಂದಿನದು."

ಎರಡನೆಯ ಹಾಳೆಯನ್ನೇ ಅವನು ತಲೆಕೆಳಗಾಗಿಟ್ಟನು. ಅವಳು ತಿದ್ದಲಿಲ್ಲ, ತೆರೆದು ನೋಡುವನೋ ಇಲ್ಲವೋ ಎಂದು ಕೈಕಟ್ಟಿ ನಿಂತಳು.