ಮುಳ್ಳು ಚುಚ್ಚಿದರೂ ನೋಯದ ನನ್ನ ಕಾಲು, ಮತ್ತು ಮಾದಣ್ಣ

ಇಲ್ಲ... ಸುಳ್ಳಿರಬೇಕು ಅಂತ ಮೂರು ಸಲ ಕೇಳಿದೆ.
"ಯಾವ ಮಾದಣ್ಣ?" ಅಂದೆ.
ನನಗೇನು ಹತ್ತು ಜನ ಮಾದಣ್ಣಂದಿರು ಇದ್ದಾರಾ...

ಮೊನ್ನೆ ತಾನೇ ಫೋನ್ ಮಾಡಿ ಬೈದಿದ್ದ.
ಇವತ್ತು ಬೆಳಿಗ್ಗೆ ಪುಣಜನೂರಿನ ಮನೆಯ ಜಗುಲಿಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟನಂತೆ...
ಹಾಗೇ ಗೋಡೆಗೆ ಒರಗಿದನಂತೆ...
ಅಷ್ಟೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಾವಿಬ್ಬರೂ ಬಂಡೀಪುರದ ಕಾಡು ಕಾಯುವ ವಾಚರ್‌ಗಳು. ಹದಿನಾರು ವರ್ಷ ಒಟ್ಟಿಗೆ ಬೀಟ್ ನಡೆದವರು. ಅವನು ಮುಂದೆ, ನಾನು ಹಿಂದೆ.
ಶುಗರ್ ಕೂಡ ಅದೇ ಸಾಲಿನಲ್ಲಿ ಬಂತು... ಮೊದಲು ಅವನಿಗೆ, ಆಮೇಲೆ ನನಗೆ.

ಒಂದು ಸಲ ಅವನ ಎಡಗಾಲಿಗೆ ಮುಳ್ಳು ಹೊಕ್ಕಿತು. ಗೊತ್ತೇ ಆಗಲಿಲ್ಲ.
ವಾಸನೆ ಬಂದಮೇಲೆ ಬೂಟು ಬಿಚ್ಚಿ ನೋಡಿದ.
ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು...
ಆಮೇಲೆ ಸಾಹೇಬರು ಅವನಿಗೆ ಚೆಕ್‌ಪೋಸ್ಟ್‌ನಲ್ಲಿ ಕೂತು ಮಾಡುವ ಡ್ಯೂಟಿ ಕೊಟ್ಟರು.

ಇಷ್ಟಾದರೂ ನನಗೆ ಬುದ್ಧಿ ಬಂತಾ? ಇಲ್ಲ.
ನಮ್ಮ ವಾಚರ್‌ಗಳಲ್ಲಿ ಒಂದು ಜಂಬ ಇದೆ. ಹೊಸಬನಿಗೆ ಮುಳ್ಳು ಚುಚ್ಚಿದರೆ ಅಯ್ಯೋ ಅಂತಾನೆ. ಹಳಬನ ಕಾಲು ಕಾಡಿಗೆ ಪಳಗಿರುತ್ತೆ, ನೋಯೋದಿಲ್ಲ ಅಂತ.
ಒಂದು ಮಧ್ಯಾಹ್ನ ಚೆಕ್‌ಪೋಸ್ಟ್‌ನಲ್ಲಿ ಬೂಟು ಬಿಚ್ಚಿ, ಅಂಗಾಲಿನಿಂದ ಉದ್ದದ ಮುಳ್ಳೊಂದನ್ನು ಎಳೆದು ಎಲ್ಲರಿಗೂ ತೋರಿಸಿದೆ.
"ನೋಡಿ, ಚೂರೂ ನೋಯ್ನಿಲ್ಲ!"
ಎಲ್ಲರೂ ನಕ್ಕರು. ಒಬ್ಬ ಚಪ್ಪಾಳೆ ಕೂಡ ತಟ್ಟಿದ.
ಮಾದಣ್ಣ ಮಾತ್ರ ನಗಲಿಲ್ಲ.

"ಯಾವಾಗಿಂದ್ಲಾ ಇಂಗೆ?"
"ಒಂದ್ ವರ್ಸದಿಂದ. ಕಾಲು ಪಳಗ್ಬುಟ್ಟದೆ ಕಣಣ್ಣ."
"ಪಳಗಿಲ್ಲ ಕಣ್ಲಾ, ಶುಗರಿಂದ ಸಾಯ್ತಾ ಅದೆ! ನಾನೂ ಇಂಗೇ ಏಳ್ಕಂಡು ತಿರುಗ್ತಿದ್ದೆ. ಏಳು, ಓಗನ."

ಗುಂಡ್ಲುಪೇಟೆ ಬಸ್ ಇಳಿದು ಆಸ್ಪತ್ರೆಗೆ ನಡೆದೆವು.
ಊರುಗೋಲಿನವನು ಮುಂದೆ... ಎರಡು ಕಾಲಿದ್ದ ನಾನು ಹಿಂದೆ, ಗೊಣಗಿಕೊಂಡು.

ಡಾಕ್ಟರ್ ನೂಲಿನಂಥ ಒಂದು ಎಳೆ ತೋರಿಸಿದರು. "ಕಣ್ಣು ಮುಚ್ಚಿ, ಪಾದಕ್ಕೆ ತಾಗಿದಾಗ ಹೇಳಿ" ಅಂದರು.
ನಾನು ಕಾದೆ... ಕಾದೆ...
"ಯಾವಾಗ ಶುರು ಮಾಡ್ತೀರಾ ಸಾರ್?" ಅಂದೆ.
"ಮುಗೀತಲ್ಲಪ್ಪ" ಅಂದರು.

ಕಣ್ಣು ಬಿಟ್ಟು ಪಾದ ನೋಡಿಕೊಂಡೆ.
ಬೆರಳ ಸಂದಿಯಲ್ಲಿ ಒಂದು ಹುಣ್ಣು ಆಗಲೇ ಶುರುವಾಗಿತ್ತು. ಇನ್ನೂ ಚಿಕ್ಕದು. ವಾಸಿಯಾಯಿತು.

ಮಾದಣ್ಣ...
ಆವತ್ತು ನಿನಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ಕಣೋ ನಾನು.
ಅಂಗಾಲು ನೋಡಿಕೊಳ್ಳೋಕೆ ನೀನೇ ನನಗೆ ಬೈಕಿನ ಹಳೇ ಕನ್ನಡಿ ತಂದುಕೊಟ್ಟೆ. ದಿನಾ ಸಂಜೆ "ಬೂಟು ಬಿಚ್ಲಾ" ಅಂತ ಎಲ್ಲರ ಮುಂದೆ ನನ್ನ ಮಾನ ಕಳೆದೆ.
ಮಾತ್ರೆ ನುಂಗ್ತಿದ್ದೀನಲ್ಲ, ಇನ್ನೇನು ಟೆಸ್ಟು ಅಂತ ನಾನಂದರೆ ನೀನು ಕೋಲೆತ್ತುತ್ತಿದ್ದೆ.
"ವರ್ಸಕ್ಕೊಂದ್ಸಲ ಕಣ್ಣು, ಕಾಲು, ಕಿಡ್ನಿ ಟೆಸ್ಟು ಮಾಡ್ಸಲೇಬೇಕು. ಚೆನ್ನಾಗಿದ್ದಾಗ್ಲೇ ಓಗ್ಬೇಕು ಕಣ್ಲಾ. ನಾನು ನೋವು ಬರ್ಲಿ ಅಂತ ಕಾಯ್ಕಂಡು ಕೂತ್ಕಂಡೆ... ನೋವು ಬರ್ನೇ ಇಲ್ಲ."
ರಿಟೈರ್ ಆಗಿ ಊರು ಸೇರಿದ ಮೇಲೂ ಫೋನಿನಲ್ಲಿ ಅದೇ ಬೈಗುಳ.
ಆ ಬೈಗುಳಕ್ಕೆ ನಾನು ಸಾಯೋವರೆಗೂ ಋಣಿ.

ಗೆಳೆಯರೇ, ಶುಗರ್ ಇರುವವರು ದಯವಿಟ್ಟು ಕೈಮುಗಿದ ಎಮೋಜಿ ಹಾಕಿ ಮುಂದೆ ಹೋಗಬೇಡಿ.
ಒಂದು ಸಲ ಚಪ್ಪಲಿ ಬಿಟ್ಟು ನಿಮ್ಮ ಅಂಗಾಲು ನೋಡಿಕೊಳ್ಳಿ. ಈ ವರ್ಷದ ಚೆಕಪ್ ಆಗಿಲ್ಲ ಅಂದರೆ ಹೋಗಿ ಬನ್ನಿ... ಅವನ ಹೆಸರಿನಲ್ಲಿ.

ಇವತ್ತು ಸುದ್ದಿ ಬಂದಾಗ ನಾನು ಚಾಮರಾಜನಗರದ ಆಸ್ಪತ್ರೆಯಲ್ಲಿ ಕಣ್ಣಿನ ಟೆಸ್ಟ್‌ಗೆ ಕ್ಯೂನಲ್ಲಿದ್ದೆ. ಮೊನ್ನೆ ಅವನು ಬೈದದ್ದೇ ಅದಕ್ಕೆ.
ಸುದ್ದಿ ಹೇಳಿದವರು ಫೋನನ್ನು ಅತ್ತಿಗೆಗೆ, ಅವನ ಹೆಂಡತಿಗೆ ಕೊಟ್ಟರು. ಈಗಲೇ ಹೊರಟೆ ಅಂದೆ. ಎಲ್ಲಿದ್ದೀಯ ಅಂತ ಕೇಳಿದರು, ಹೇಳಿದೆ.
ಆ ಅಳುವಿನ ಮಧ್ಯೆ ಅತ್ತಿಗೆ ಅಂದರು...
"ಕಣ್ ತೋರಿಸ್ಕಂಡೇ ಬಾ ಕಣಪ್ಪ. ಅರ್ಧಕ್ಕೆ ಎದ್ ಬಂದ ಅಂದ್ರೆ ಅವ್ರು ಬಯ್ತಾರೆ."

ಕೂತೆ. ತೋರಿಸಿದೆ. ಕಣ್ಣು ಚೆನ್ನಾಗಿದೆ ಅಂದರು.
ನಿನಗೆ ಹೇಳೋಣ ಅಂತ ಫೋನ್ ತೆಗೆದೆ ಮಾದಣ್ಣ... ಅಭ್ಯಾಸ.

ಪುಣಜನೂರು ಮುಟ್ಟಿದಾಗಲೂ ಕಣ್ಣಿಗೆ ಹಾಕಿದ ಡ್ರಾಪ್ಸ್ ಇಳಿದಿರಲಿಲ್ಲ. ನಿನ್ನ ಮುಖ ಮಂಜು ಮಂಜು...
ಕಾಲು ಮುಟ್ಟಿ ನಮಸ್ಕಾರ ಮಾಡೋಣ ಅಂತ ಬಗ್ಗಿದೆ. ಎರಡು ಕೈ ಚಾಚಿದೆ...
ಸಿಕ್ಕಿದ್ದು ಒಂದೇ ಪಾದ.
ಅದನ್ನೇ ಎರಡು ಕೈಯಲ್ಲೂ ಹಿಡಿದುಕೊಂಡೆ. ಬಿಡೋಕೆ ಆಗಲಿಲ್ಲ.

ಹೋಗಿ ಬಾ ಅಣ್ಣಾ...
ಇನ್ನು ನಿನ್ನ ದಾರಿಯಲ್ಲಿ ಮುಳ್ಳು ಬೇಡ. ನಿನ್ನ ಜೀವ ತಣ್ಣಗಿರಲಿ.